ಮೂರನೆಯ ಕಣ್ಣು

ಪರಶುರಾಂಪುರದಿಂದ ಚಳ್ಳಕೆರೆಗೆ ಹೋಗುವ ದಾರಿಯಲ್ಲಿ, ಕತ್ತಲಾದ ಮೇಲೆ ಬಸ್ಸಿನ ಮುಂದಿನ ಸಾಲಿನಲ್ಲಿ ಕುಳಿತವರು ಒಂದು ಸಂಗತಿಯನ್ನು ಗಮನಿಸಿರಬಹುದು. ತಿರುವಿನಲ್ಲಿ ರಸ್ತೆ ಒಂದು ಕಡೆಗೆ ಹೊರಳುತ್ತದೆ; ಹೆಡ್‌ಲೈಟಿನ ಬೆಳಕು ಮಾತ್ರ ನೇರವಾಗಿ ಹೊಲದ ಮೇಲೆ ಬೀಳುತ್ತದೆ. ತಿರುವಿನಾಚೆ ಎತ್ತಿನ ಗಾಡಿಯಿದ್ದರೂ ಚಾಲಕನಿಗೆ ಆ ಕ್ಷಣದಲ್ಲಿ ಕಾಣದು. ಈ ಕೊರತೆಯನ್ನು ನೀಗಲು ಕಾರಿನ ಹಣೆಗೆ ಮೂರನೆಯ ಕಣ್ಣನ್ನಿಟ್ಟು ಹೆಸರಾದವನು ಅಮೆರಿಕದ ಪ್ರೆಸ್ಟನ್ ಟಕರ್.

ಟಕರ್ 1903ರಲ್ಲಿ ಮಿಷಿಗನ್ ಸಂಸ್ಥಾನದಲ್ಲಿ ಜನಿಸಿದನು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಅವನನ್ನು ತಾಯಿ ಸಾಕಿ ಬೆಳೆಸಿದಳು. ಹುಡುಗನಿಗೆ ಕಾರೆಂದರೆ ಪ್ರಾಣ. ಕಾರಿನ ಕಾರ್ಖಾನೆಯೊಂದರಲ್ಲಿ ಆಫೀಸಿನ ಹುಡುಗನಾಗಿ ದುಡಿದನು. ವೇಗದ ವಾಹನಗಳ ಮೋಹದಿಂದ ಪೊಲೀಸ್ ಕೆಲಸಕ್ಕೂ ಸೇರಿದನು. ಮುಂದೆ ಹ್ಯಾರಿ ಮಿಲ್ಲರ್ ಎಂಬ ಹೆಸರಾಂತ ತಂತ್ರಜ್ಞನೊಡನೆ ಪಂದ್ಯದ ಕಾರುಗಳನ್ನು ನಿರ್ಮಿಸಿದನು.

ಎರಡನೆಯ ಮಹಾಯುದ್ಧ ಮುಗಿದಾಗ ಜನರು ಹೊಸ ಕಾರುಗಳಿಗಾಗಿ ಕಾದಿದ್ದರು. ಟಕರ್ ಷಿಕಾಗೋದಲ್ಲಿ ವಿಮಾನದ ಎಂಜಿನ್ ತಯಾರಿಸುತ್ತಿದ್ದ ಭಾರಿ ಕಾರ್ಖಾನೆಯನ್ನು ಗುತ್ತಿಗೆಗೆ ಪಡೆದು, 1947ರ ಜೂನ್‌ನಲ್ಲಿ ತನ್ನ ಮೊದಲ ಮಾದರಿ ಕಾರನ್ನು ಜನರ ಮುಂದಿಟ್ಟನು. ಅವಸರದಲ್ಲಿ ಜೋಡಿಸಿದ ಆ ಕಾರಿನ ರಿಪೇರಿ ಪ್ರದರ್ಶನದ ದಿನವೂ ನಡೆದೇ ಇತ್ತು! ಆದರೂ ಅದರ ಕಲ್ಪನೆ ಹೊಸತು. ಎಂಜಿನ್ ಹಿಂಭಾಗದಲ್ಲಿತ್ತು. ಅಪಘಾತವಾದರೆ ಮುಂದಿನ ಗಾಜು ಒಡೆದು ಮುಖಕ್ಕೆ ಚುಚ್ಚದೆ ಹೊರಕ್ಕೆ ಕಳಚಿ ಬೀಳುವಂತೆ ಯೋಜಿಸಲಾಗಿತ್ತು. ಎಲ್ಲಕ್ಕಿಂತ ವಿಶೇಷವಾದುದು ನಟ್ಟನಡುವಿನ ದೀಪ. ಸ್ಟೀರಿಂಗನ್ನು 10 ಡಿಗ್ರಿಗಿಂತ ಹೆಚ್ಚು ತಿರುಗಿಸಿದರೆ ಅದೂ ಜೊತೆಗೆ ಹೊರಳಿ ತಿರುವನ್ನು ಬೆಳಗುತ್ತಿತ್ತು. ಇಂಥ ಪ್ರಯತ್ನಗಳು ಬೇರೆಡೆ ಮೊದಲೂ ನಡೆದಿದ್ದವು. ಆದರೆ ಅಮೆರಿಕದ ಕೆಲವು ಸಂಸ್ಥಾನಗಳ ಕಾನೂನು ಎರಡಕ್ಕಿಂತ ಹೆಚ್ಚು ಹೆಡ್‌ಲೈಟುಗಳನ್ನು ಒಪ್ಪುತ್ತಿರಲಿಲ್ಲ. ಅಲ್ಲಿಗಾಗಿ ಟಕರ್ ಆ ಕಣ್ಣಿಗೊಂದು ಮುಚ್ಚಳವನ್ನೂ ಮಾಡಿಸಬೇಕಾಯಿತು.

ಹಣದ ಅಡಚಣೆಯೇ ಅವನಿಗೆ ಮುಳುವಾಯಿತು. ಕಾರು ಸಿದ್ಧವಾಗುವ ಮೊದಲೇ ಅವನು ಷೇರುಗಳನ್ನೂ ಮಾರಾಟದ ಹಕ್ಕುಗಳನ್ನೂ ಮಾರಿ ಹಣ ಕೂಡಿಸಿದ್ದನು. ಜನರನ್ನು ವಂಚಿಸಿದನೆಂದು ಸರ್ಕಾರ ಮೊಕದ್ದಮೆ ಹೂಡಿತು. 1949ರಲ್ಲಿ ಕಾರ್ಖಾನೆ ಮುಚ್ಚಿತು. 1950ರ ಜನವರಿಯಲ್ಲಿ ಜ್ಯೂರಿಯವರು ಅವನನ್ನು ನಿರ್ದೋಷಿಯೆಂದು ಸಾರಿದರು. ಆದರೆ ಗೆದ್ದವನ ಕೈಯಲ್ಲಿ ಉಳಿದದ್ದೇನು? ಕಾರ್ಖಾನೆಯಿರಲಿಲ್ಲ, ಮೊದಲ ಮಾದರಿಯೂ ಸೇರಿ ತಯಾರಾದ ಕಾರುಗಳು ಕೇವಲ 51. ಹೊಸ ಕಾರಿನ ಕನಸನ್ನು ಅವನು ಮತ್ತೆ ಕಟ್ಟತೊಡಗಿದನು. ಅಷ್ಟರಲ್ಲಿ ಕ್ಯಾನ್ಸರ್ ಕಾಡಿ, 1956ರ ಡಿಸೆಂಬರ್‌ನಲ್ಲಿ, 53ನೆಯ ವಯಸ್ಸಿನಲ್ಲಿ ತೀರಿಕೊಂಡನು.

1967ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಕಾರಿನಲ್ಲಿ ಸ್ಟೀರಿಂಗಿನೊಡನೆ ಹೊರಳುವ ದೀಪಗಳು ಬಂದವು. ಇಂದು ಅಂಥ ದೀಪಗಳು ಅಪರೂಪವಲ್ಲ. ಟಕರನ ಆತುರವನ್ನು ನಾವು ಮೆಚ್ಚಬೇಕಾಗಿಲ್ಲ. ಆದರೆ ಕತ್ತಲಲ್ಲಿ ಬರುವ ಅಪರಿಚಿತ ದಾರಿಹೋಕನ ಪ್ರಾಣದ ಬಗೆಗೂ ಯೋಚಿಸಿದ ಅವನ ಬುದ್ಧಿಯನ್ನು ಮರೆಯಲಾಗದು. ಅವನು ಬೆಳಗಲು ಹೊರಟಿದ್ದುದು ಕಾರು ನಿಂತ ನೆಲವನ್ನಲ್ಲ, ಅದು ತಿರುಗಲಿರುವ ದಾರಿಯನ್ನು.