ಕೋಟದ ಕಾರಂತರು ಮತ್ತು ನಮ್ಮ ಕಾಲೇಜು ವಾರ

ಹಳೆ ವಿದ್ಯಾರ್ಥಿಗಳು ಬರುವ ಕಾಲೇಜು ವಾರ ಹತ್ತಿರ ಬಂತು. ನಮ್ಮ ಕಾಮರ್ಸ್ ತರಗತಿಯಿಂದ ಕಿರುನಾಟಕಕ್ಕೆ ಯಾರೂ ಹೆಸರು ಕೊಟ್ಟಿರಲಿಲ್ಲ. ನಾನೂ ಕೊಟ್ಟಿರಲಿಲ್ಲ. ಮನೆಯಲ್ಲಿ ಉರ್ದು ಮಾತಾಡುವ ನನಗೆ ವೇದಿಕೆಯಲ್ಲಿ ಕನ್ನಡ ತಪ್ಪಿದರೆ ಎಲ್ಲರೂ ನಗುತ್ತಾರೆ ಎಂಬ ಅಂಜಿಕೆ. ಆಗಲೇ ನಮ್ಮ ಕಡೆಯವರೇ ಆದ ಡಾ. ಶಿವರಾಮ ಕಾರಂತರ ಬದುಕಿನ ಬಗ್ಗೆ ಓದಿದೆ.

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕೋಟದಲ್ಲಿ. ಹೈಸ್ಕೂಲು ಕುಂದಾಪುರದಲ್ಲಿ, ಕಾಲೇಜು ಮಂಗಳೂರಿನಲ್ಲಿ. ಗಾಂಧೀಜಿಯವರ ಅಸಹಕಾರ ಚಳವಳಿಗಾಗಿ ಓದನ್ನು ಅರ್ಧಕ್ಕೇ ಬಿಟ್ಟರು. ಆದರೆ ಕಲಿಯುವುದನ್ನು ಬಿಡಲಿಲ್ಲ. ಪುತ್ತೂರಿನಲ್ಲಿ ನೆಲೆಸಿ ಮಕ್ಕಳಿಗಾಗಿ ಬಾಲವನ ಕಟ್ಟಿದರು, ನಾಟಕ ಬರೆದು ಆಡಿಸಿದರು. ಅಲ್ಲಿ ಅವರು ನಡೆಸಿದ ದಸರಾ ನಾಡಹಬ್ಬ ಊರಿನವರನ್ನೆಲ್ಲ ಒಂದೆಡೆ ಸೇರಿಸಿತು. ಮೂಕಿ ಸಿನಿಮಾವನ್ನೂ ತೆಗೆದರು. ಇಳಿವಯಸ್ಸಿನಲ್ಲೂ ಗೆಜ್ಜೆ ಕಟ್ಟಿ ಕುಣಿದರು.

ಕೈ ಹಾಕಿದ್ದೆಲ್ಲ ಗೆಲ್ಲಲಿಲ್ಲ. 1989ರಲ್ಲಿ ಲೋಕಸಭಾ ಚುನಾವಣೆಗೆ ನಿಂತು ಸೋತರು. ಆದರೂ ಪದವಿ ಮುಗಿಸದ ಅವರಿಗೆ ವಿಶ್ವವಿದ್ಯಾಲಯಗಳೇ ಗೌರವ ಡಾಕ್ಟರೇಟ್ ಕೊಟ್ಟವು. 'ಮೂಕಜ್ಜಿಯ ಕನಸುಗಳು' ಕಾದಂಬರಿಗೆ 1977ರ ಜ್ಞಾನಪೀಠ ಪ್ರಶಸ್ತಿ ಬಂತು. ಕೊನೆಗೆ ಕೋಟದ ಪಕ್ಕದ ಸಾಲಿಗ್ರಾಮಕ್ಕೇ ಮರಳಿದರು. 1997ರ ಡಿಸೆಂಬರ್ 9ರಂದು ತೀರಿಕೊಂಡರು.

ಯಾರಾದರೂ ನಗುತ್ತಾರೆಂದು ಅವರು ಹಿಂಜರಿದಿದ್ದರೆ ಇದರಲ್ಲಿ ಅರ್ಧವೂ ಆಗುತ್ತಿರಲಿಲ್ಲ. ನಿನ್ನೆ ನಾಟಕಕ್ಕೆ ನನ್ನ ಹೆಸರು ಬರೆಸಿದೆ. ದೂರದೂರಿಂದ ಬರುವ ಹಳೆ ವಿದ್ಯಾರ್ಥಿಗಳಿಗೆ ನಾವು ಖಾಲಿ ವೇದಿಕೆ ತೋರಿಸುವುದು ಬೇಡ. ಪಟ್ಟಿ ಕನ್ನಡ ಉಪನ್ಯಾಸಕರ ಬಳಿ ಇದೆ. ನನ್ನ ಹೆಸರಿನ ಕೆಳಗೆ ಇನ್ನೂ ಜಾಗವಿದೆ, ಬನ್ನಿ.