ಸೂಜಿಯ ಕೆಲಸಕ್ಕೆ ಮನ್ನಣೆ ತಂದ ಕಮಲಾದೇವಿ

ಹಳೆಯ ಸೀರೆಯನ್ನು ಕತ್ತರಿಸಿ ನಡುಮನೆಯ ಬಾಗಿಲಿಗೆ ಪರದೆ ಹೊಲಿಯುವುದನ್ನೂ, ಬಣ್ಣಬಣ್ಣದ ಚಿಂದಿಗಳನ್ನು ಕೂಡಿಸಿ ಕೌದಿ ಮಾಡುವುದನ್ನೂ ನಮ್ಮ ಕತ್ತಲಗೆರೆಯ ಕಡೆ ಯಾರೂ ಕಲೆಯೆಂದು ಕರೆದುದನ್ನು ನಾನು ಕೇಳಿಲ್ಲ. ಅದು ಹೆಂಗಸರ ಬಿಡುವಿನ ಕೆಲಸ, ಅಷ್ಟೇ. ನೆರೆಯ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಪುಣ್ಯಕ್ಷೇತ್ರ. ಅಲ್ಲಿಗೆ ಬರುವ ಲಂಬಾಣಿ ಹೆಣ್ಣುಮಕ್ಕಳ ಉಡುಪಿನ ಮೇಲೆ ಕನ್ನಡಿಯ ಚೂರು, ಕವಡೆ, ಬಣ್ಣದ ನೂಲುಗಳು ಒಂದು ಲೋಕವನ್ನೇ ರಚಿಸಿರುತ್ತವೆ. ಅದನ್ನೂ ನಾವು ಬೆರಗಿನಿಂದ ನೋಡಿ ಮರೆಯುತ್ತೇವೆ. ಇಂಥ ಕೈಗೆಲಸ ಕಲೆಯೂ ಹೌದು, ಜೀವನೋಪಾಯವೂ ಆಗಬಲ್ಲದು ಎಂದು ದೇಶಕ್ಕೆ ಮನಗಾಣಿಸಿದವರಲ್ಲಿ ಅಗ್ರಗಣ್ಯರು ಕಮಲಾದೇವಿ ಚಟ್ಟೋಪಾಧ್ಯಾಯ.

ಅವರು ಹುಟ್ಟಿದ್ದು ಮಂಗಳೂರಿನಲ್ಲಿ, 1903ರ ಏಪ್ರಿಲ್ 3ರಂದು. ತಂದೆ ಅನಂತಯ್ಯ ಧಾರೇಶ್ವರರು ಸರ್ಕಾರದ ಉನ್ನತ ಅಧಿಕಾರಿಗಳು. ತಾಯಿ ಗಿರಿಜಾಬಾಯಿ ವಿದ್ಯಾವಂತೆ. ಕಮಲಾದೇವಿ ಇನ್ನೂ ಬಾಲಕಿಯಾಗಿದ್ದಾಗಲೇ ತಂದೆ ತೀರಿಕೊಂಡರು. ಮೃತ್ಯುಪತ್ರವಿಲ್ಲದ ಕಾರಣ ಆಸ್ತಿಯೆಲ್ಲ ಅಂದಿನ ಕಾನೂನಿನಂತೆ ಮೊದಲ ಹೆಂಡತಿಯ ಮಗನ ಪಾಲಾಯಿತು. ತುಂಬಿದ ಮನೆಯ ಗೃಹಿಣಿಗೆ ಆ ಮನೆಯ ಮೇಲೆಯೇ ಹಕ್ಕಿಲ್ಲ ಎಂಬ ಸತ್ಯವನ್ನು ಮಗಳು ಎಳೆವಯಸ್ಸಿನಲ್ಲೇ ಕಂಡಳು. ಹದಿನಾಲ್ಕರಲ್ಲಿ ಆಕೆಯ ಮದುವೆಯಾಯಿತು. ಎರಡು ವರ್ಷ ತುಂಬುವುದರೊಳಗೆ ವೈಧವ್ಯ. ಆದರೂ ಓದು ನಿಲ್ಲಲಿಲ್ಲ. ಮದರಾಸಿನಲ್ಲಿ ಕಲಿಯುವಾಗ ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ, ಸಂಪ್ರದಾಯಸ್ಥರ ವಿರೋಧದ ನಡುವೆ ಅವರನ್ನು ವರಿಸಿದರು.

1926ರಲ್ಲಿ ಮದರಾಸು ಶಾಸನಸಭೆಗೆ ಸ್ಪರ್ಧಿಸಿ ಅಲ್ಪಮತಗಳಿಂದ ಸೋತದ್ದು, 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮುಂಬಯಿಯ ಬೀದಿಗಳಲ್ಲಿ ಉಪ್ಪು ಮಾರಿ ಸೆರೆಮನೆ ಸೇರಿದ್ದು ವಾಚಕರಿಗೆ ತಿಳಿದ ಸಂಗತಿಗಳೇ. ನನ್ನ ದೃಷ್ಟಿಗೆ ಹೆಚ್ಚು ಹಿರಿದಾಗಿ ಕಾಣುವುದು ಸ್ವಾತಂತ್ರ್ಯಾನಂತರದ ಅವರ ಕೆಲಸ. ಅಧಿಕಾರ ಪದವಿಗಳು ದೊರೆಯಬಹುದಾಗಿದ್ದ ಆ ಕಾಲದಲ್ಲಿ ಅವರು ರಾಜಕೀಯದಿಂದ ದೂರ ಸರಿದು, 1948ರಲ್ಲಿ ಭಾರತೀಯ ಸಹಕಾರ ಸಂಘವನ್ನು ಕಟ್ಟಿ ದೇಶವಿಭಜನೆಯ ನಿರಾಶ್ರಿತರ ನಡುವೆ ದುಡಿದರು. ಮನೆಮಾರು ಕಳೆದುಕೊಂಡು ಬಂದವರ ಬಳಿ ಬೇರೇನಿಲ್ಲದಿದ್ದರೂ ಕೈಯಲ್ಲಿ ಕಸುಬಿರುತ್ತದೆ. ಕಸುಬಿಗೆ ಮಾರುಕಟ್ಟೆ ದೊರೆತರೆ ಬದುಕು ಮತ್ತೆ ನಿಲ್ಲುತ್ತದೆ.

1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿ ಸ್ಥಾಪನೆಯಾದಾಗ ಅದರ ನೇತೃತ್ವ ಅವರದಾಯಿತು. ಅದೇ ವರ್ಷ ದೆಹಲಿಯ ಕೇಂದ್ರ ಗೃಹಕೈಗಾರಿಕಾ ಮಳಿಗೆಯ ಆಡಳಿತವೂ ಅವರ ಸಹಕಾರ ಸಂಘಕ್ಕೆ ಬಂದಿತು. ಕೈಮಗ್ಗದ ಪರದೆ, ಹಾಸು, ಗೋಡೆಗೆ ತೂಗುವ ಬಟ್ಟೆಗಳು ವಿದ್ಯಾವಂತರ ಕೊಠಡಿಗಳನ್ನು ಪ್ರವೇಶಿಸಿದ್ದು ಇಂಥ ಮಳಿಗೆಗಳ ಮೂಲಕ.

ಶ್ರೀಕಾಳಹಸ್ತಿಯ ಕಲಂಕಾರಿಯ ಕಥೆಯೊಂದೇ ಸಾಕು. ಬಟ್ಟೆಯನ್ನು ಅಳಲೆಕಾಯಿ ಮತ್ತು ಎಮ್ಮೆಯ ಹಾಲಿನಲ್ಲಿ ಅದ್ದಿ, ಬೆಲ್ಲ ಕಬ್ಬಿಣಗಳಿಂದಾದ ಕಪ್ಪು ಬಣ್ಣದಲ್ಲಿ ಬಿದಿರಿನ ಲೇಖನಿಯಿಂದ ಪುರಾಣಕಥೆಗಳನ್ನು ಬರೆಯುವ ಕಲೆ ಅದು. ದೇವಾಲಯದ ಗೋಡೆಗೆ ತೂಗುತ್ತಿದ್ದ ಈ ಚಿತ್ರಪಟಗಳನ್ನು ಕೇಳುವವರಿಲ್ಲದೆ ವಿದ್ಯೆಯೇ ನಶಿಸುವಂತಾಗಿತ್ತು. 1950ರ ದಶಕದ ಕೊನೆಯಲ್ಲಿ ಕಮಲಾದೇವಿಯವರ ಪ್ರಯತ್ನದಿಂದ ಅಲ್ಲಿ ತರಬೇತಿ ಕೇಂದ್ರ ತೆರೆಯಿತು. ಉಳಿದಿದ್ದ ಕೆಲವೇ ಕುಶಲಿಗಳು ಹೊಸಬರಿಗೆ ಗುರುಗಳಾದರು. ದೇವರ ಗೋಡೆಯಿಂದ ಮನೆಯ ಗೋಡೆಗೆ ಬಂದುದರಿಂದ ಕಲೆ ಉಳಿಯಿತು.

ಇದರಲ್ಲಿ ಅಪಾಯವೂ ಇಲ್ಲದಿಲ್ಲ. ತಾಂಡಾದ ಕಸೂತಿ ಪಟ್ಟಣದ ದಿವಾನಖಾನೆಯ ಅಲಂಕಾರವಾದ ಮೇಲೆ ಹೊಲಿದವಳ ಹೆಸರು ಅಳಿಸಿಹೋಗಬಹುದು. ಯಂತ್ರದ ಅಚ್ಚು ಆಕೆಯ ವಿನ್ಯಾಸವನ್ನೇ ಕದ್ದು ಅಗ್ಗಕ್ಕೆ ಮಾರಬಹುದು. ಇಂದಿನ ಪೇಟೆಯಲ್ಲಿ ಕಲಂಕಾರಿ ಎಂಬ ಹೆಸರು ಹೊತ್ತ ಯಂತ್ರದ ಬಟ್ಟೆ ಬೇಕಾದಷ್ಟಿದೆ. ಆದ್ದರಿಂದಲೇ ವಸ್ತುವಿನಷ್ಟೇ ಅದನ್ನು ಮಾಡಿದ ವ್ಯಕ್ತಿಗೂ ಗೌರವ ಸಲ್ಲಬೇಕೆಂಬುದು ಕಮಲಾದೇವಿಯವರ ನಿಲುವಾಗಿತ್ತು. ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ನೀಡುವ ಪದ್ಧತಿಯ ಹಿಂದೆ ಅವರ ಶ್ರಮವಿದೆ. ಭಾರತದ ಕಸೂತಿಯನ್ನು ಕುರಿತು ಅವರು ಪುಸ್ತಕವನ್ನೂ ಬರೆದರು.

1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಅವರಿಗೆ ಸಂದವು. 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ಅವರು ನಿಧನರಾದರು. ಸಂಡೂರಿನ ಲಂಬಾಣಿ ಕಸೂತಿಗೆ ಮುಂದೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತದ್ದನ್ನು ನೋಡಿದರೆ, ಅವರು ತೋರಿದ ದಾರಿ ಮುಚ್ಚಿಲ್ಲವೆಂದು ಸಮಾಧಾನವಾಗುತ್ತದೆ. ಗೋಡೆಗೆ ಬಟ್ಟೆ ತೂಗಿಸುವುದು ಸುಲಭ. ಅದನ್ನು ಹೊಲಿದ ಕೈಗೆ ಅನ್ನವನ್ನೂ ಹೆಸರನ್ನೂ ಕೊಡುವುದು ಕಷ್ಟ. ಆ ಕಷ್ಟದ ಕೆಲಸಕ್ಕೆ ಅವರು ತಮ್ಮ ಬಾಳಿನ ಅರ್ಧಭಾಗವನ್ನು ಮುಡಿಪಾಗಿಟ್ಟರು.