ನಾದೋಪಾಸಕ ರಾಳ್ಲಪಲ್ಲಿ ಅನಂತಕೃಷ್ಣಶರ್ಮರು

ರಾಯದುರ್ಗ, ಮಡಕಶಿರಾ ಸೀಮೆಯವರಾದ ನಮಗೆ ಕನ್ನಡವೂ ತೆಲುಗೂ ಎರಡು ಕಣ್ಣುಗಳು. ಈ ಎರಡು ನುಡಿಗಳನ್ನೂ ಸಂಗೀತವೆಂಬ ಒಂದೇ ಸೂತ್ರದಲ್ಲಿ ಪೋಣಿಸಿದ ಮಹನೀಯರೊಬ್ಬರು ನಮ್ಮ ಅನಂತಪುರದ ಮಣ್ಣಿನಲ್ಲಿಯೇ ಹುಟ್ಟಿದರೆಂಬುದು ಹೆಮ್ಮೆಯ ಸಂಗತಿ.

ಕಂಬದೂರು ಬಳಿಯ ರಾಳ್ಲಪಲ್ಲಿಯಲ್ಲಿ 1893ನೆಯ ಜನವರಿ 23ರಂದು ಕೃಷ್ಣಮಾಚಾರ್ಯ, ಅಲಮೇಲುಮಂಗಮ್ಮ ದಂಪತಿಗಳ ಪುತ್ರರಾಗಿ ಅನಂತಕೃಷ್ಣಶರ್ಮರು ಜನಿಸಿದರು. ತಂದೆಯಿಂದ ಸಂಸ್ಕೃತಾಂಧ್ರಗಳ ಪಾಠವೂ ತಾಯಿಯ ಹಾಡುಗಳಿಂದ ನಾದದ ಸಂಸ್ಕಾರವೂ ಲಭಿಸಿದುವು. ಮುಂದೆ ಮೈಸೂರಿನಲ್ಲಿ ಪರಕಾಲ ಮಠದ ಶ್ರೀಕೃಷ್ಣಬ್ರಹ್ಮತಂತ್ರ ಸ್ವಾಮಿಗಳ ಸನ್ನಿಧಿಯಲ್ಲಿ ಶಾಸ್ತ್ರಸಾಹಿತ್ಯಗಳನ್ನೂ, ಬಿಡಾರಂ ಕೃಷ್ಣಪ್ಪನವರಲ್ಲಿ ಸಂಗೀತವನ್ನೂ ಅಭ್ಯಾಸಮಾಡಿದರು.

ಸಂಗೀತವು ಅವರಿಗೆ ಜೀವನೋಪಾಯವಾಗಿರಲಿಲ್ಲ. 1912ರಿಂದ 1949ರವರೆಗೆ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಬೋಧಿಸಿ ಸಂಸಾರ ಸಾಗಿಸಿದರು. ಆದರೆ ಸಾಧನೆಯ ಫಲ ಜೀವನದ ಎಲ್ಲ ಮುಖಗಳಲ್ಲಿಯೂ ಕಂಡಿತು. ಶ್ರುತಿಗೆ ಪಳಗಿದ ಕಿವಿ ಪದ್ಯದ ನಡೆಯನ್ನೂ ಮಾತಿನ ತೂಕವನ್ನೂ ಬಲ್ಲದು. ತಾಳಕ್ಕೆ ಒಗ್ಗಿದ ಮನಸ್ಸು ಆತುರಪಡದು. ತೆಲುಗು ಮನೆಮಾತಿನ ಈ ವಿದ್ವಾಂಸರು ಕನ್ನಡದಲ್ಲಿ ‘ಗಾನಕಲೆ’, ‘ಸಾಹಿತ್ಯ ಮತ್ತು ಜೀವನಕಲೆ’ ಎಂಬ ಕೃತಿಗಳನ್ನಿತ್ತರು.

ಅವರ ವಿದ್ಯೆಯ ನಿಜವಾದ ಪರೀಕ್ಷೆ ನಿವೃತ್ತಿಯ ಬಳಿಕ ಒದಗಿತು. 1950ರಲ್ಲಿ ತಿರುಪತಿ ದೇವಸ್ಥಾನವು ಅವರನ್ನು ಅನ್ನಮಾಚಾರ್ಯರ ಕೀರ್ತನೆಗಳ ಕಾರ್ಯಕ್ಕೆ ಆಹ್ವಾನಿಸಿತು. 15ನೆಯ ಶತಮಾನದ ಆ ವಾಗ್ಗೇಯಕಾರರ ಸಾವಿರಾರು ಪದಗಳು ತಾಮ್ರಪತ್ರಗಳಲ್ಲಿ ಉಳಿದಿದ್ದುವು; ರಾಗದ ಹೆಸರುಗಳೂ ಇದ್ದುವು; ಹಾಡುವ ಬಗೆಯೋ ಮರೆತುಹೋಗಿತ್ತು. ಲೆಕ್ಕದ ಪುಸ್ತಕದಲ್ಲಿ ಹೊಲದ ಹೆಸರಿದ್ದು ಚಕ್ಕುಬಂದಿ ಅಳಿಸಿಹೋದಂತಹ ಸ್ಥಿತಿ. ಶರ್ಮರು ಪಾಠವನ್ನು ತಿದ್ದಿ, ಭಾವವನ್ನರಿತು, ಅನೇಕ ಪದಗಳಿಗೆ ಸ್ವರ ಹಾಕಿದರು. ಸಾಹಿತ್ಯಜ್ಞಾನ ಮಾತ್ರವಿದ್ದರೆ ಅರ್ಥ ಹೇಳಬಹುದಿತ್ತು. ಗಾನಜ್ಞಾನ ಮಾತ್ರವಿದ್ದರೆ ರಾಗ ಎಳೆಯಬಹುದಿತ್ತು. ಎರಡೂ ಕೂಡಿದ್ದರಿಂದಲೇ ಲೋಹದಲ್ಲಿ ಮಲಗಿದ್ದ ಪದಗಳು ಮತ್ತೆ ಭಕ್ತರ ನಾಲಿಗೆಗೆ ಬಂದುವು. ಇದೂ ಒಂದು ಜೀರ್ಣೋದ್ಧಾರವೇ ಅಲ್ಲವೆ?

1974ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯಿಂದ ಸಂಗೀತ ಕಲಾನಿಧಿ ಬಿರುದು ಸಂದಿತು. 1979ನೆಯ ಮಾರ್ಚ್ 11ರಂದು, 86ನೆಯ ವಯಸ್ಸಿನಲ್ಲಿ, ಅವರು ದಿವಂಗತರಾದರು.

ಗೋಪುರಕ್ಕೆ ಗಾರೆ ಮೆತ್ತಲು ಶಿಲ್ಪಿಗಳು ದೊರೆಯುವರು. ಹಾಡು ಮರೆತ ಊರಿಗೆ ಅದನ್ನು ಯಾರು ಮರಳಿ ತಂದುಕೊಡುವರು? ಮಕ್ಕಳೆಲ್ಲರೂ ವಿದ್ವಾಂಸರಾಗಬೇಕಿಲ್ಲ. ವಾರಕ್ಕೊಂದು ಸಂಜೆ ದೇವರ ಮುಂದೆ ಶ್ರುತಿಗೂಡಿ ಹಾಡಲು ಕಲಿತರೆ, ಅವರ ಬಾಳೂ ಹಸನಾದೀತು, ಈ ಆಲಯವೂ ಸಜೀವವಾಗಿ ಉಳಿದೀತು.